ಸಾವಿರದ ಎಂಟುನೂರು

ಹೆಡ್ ಗ್ಯಾಸ್ಕೆಟ್ ಹೊಸದು. ಬೆಲ್ಟ್ ಹೊಸದು. ನೀರು, ಎಣ್ಣೆ ಹೊಸದು.
ಆದರೂ ಈ ಹಳೆಯ ಓಪೆಲ್
ನಿಂತಲ್ಲೇ ಓಡುತ್ತಿದೆ. ಗೇರಿಲ್ಲ, ಪೆಡಲಿನ ಮೇಲೆ ಕಾಲಿಲ್ಲ,
ಮುಳ್ಳು ಸಾವಿರದ ಎಂಟುನೂರರಿಂದ ಇಳಿಯಲೊಲ್ಲದು.

ರುಸ್ತಾವಿಯ ಶೆಡ್ಡಿನಲ್ಲಿ ಫೆಬ್ರವರಿ.
ಬೇಕರಿಗೆ ಹೊತ್ತಾಯಿತೆಂದು ತ್ಸಿಯಾಲಾ
ಮೂರನೇ ಸಲ ಗಡಿಯಾರ ನೋಡಿದಳು.
"ತಂದಾಗ ಕುದಿಯುತ್ತಿತ್ತು, ಈಗ ಕಿರುಚುತ್ತಿದೆ.
ಇದಕ್ಕೂ ನಾನು ದುಡ್ಡು ಕೊಡಬೇಕೆ?"

ನುಗ್ಜಾರ್ ಉತ್ತರಿಸಲಿಲ್ಲ.
ಥ್ರಾಟಲ್ ಕೇಬಲ್ ಎಳೆದು ನೋಡಿದ: ಸಡಿಲವಾಗಿಯೇ ಇದೆ.
ಐಡಲ್ ವಾಲ್ವ್ ಬಿಚ್ಚಿ ಊದಿದ: ಒಂದಿಷ್ಟು ಮಸಿ ಕೆಮ್ಮಿತು.
ಸಿಗರೇಟು ಬಿಟ್ಟು ಆರು ತಿಂಗಳಾದವನು
ಅವಳಿಂದಲೇ ಒಂದು ಬೇಡಿ, ಹೊತ್ತಿಸಿ,
ದಮ್ಮನ್ನು ಬಾಯಲ್ಲೇ ಹಿಡಿದು
ಇಂಜಿನ್ನಿನ ಮೇಲೆ ಬಾಗಿ, ಮೆಲ್ಲಗೆ ಬಿಟ್ಟ.

ಹೊಗೆ ಮೇಲೇರಿತು, ಹೊಗೆಯ ಹಾಗೆ.
ತುಸು ಸರಿದು ಮತ್ತೆ ಬಿಟ್ಟ.
ಮ್ಯಾನಿಫೋಲ್ಡಿನ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ
ಅದು ನೂಲಿನಂತೆ ಬಳುಕಿ
ಒಳಗೆ ಹೋಯಿತು,
ಯಾರೋ ಕರೆದಂತೆ.

ನಿನ್ನೆ ಸಂಜೆ ಆ ಮೂಲೆಗಿಳಿದದ್ದು ನನ್ನ ಕೈ.
ಸಣ್ಣ ಕೈಯೆಂದು ನನಗೇ ಕೊಟ್ಟ ಕೆಲಸ.
ಬೆಳಗಿನಿಂದ ನನ್ನ ಜೇಬಿನಲ್ಲಿ
ಕಿರುಬೆರಳಿಗೆ ಉಂಗುರವಾಗುವಷ್ಟು ಒಂದು ಕ್ಲಾಂಪ್.
ಎಲ್ಲಿಯದೆಂದು ಕೇಳಲು ಬಾಯಿ ಬಂದಿರಲಿಲ್ಲ.

ಅವನು ಬೈಯಲಿಲ್ಲ. ಅಂಗೈ ಚಾಚಿದ.
ಇಟ್ಟೆ.

ಸ್ಕ್ರೂಡ್ರೈವರಿನ ನಾಲ್ಕು ತಿರುವು. ಮುಳ್ಳು
ಸಾವಿರದ ಇನ್ನೂರು, ಒಂಬೈನೂರು, ಎಂಟುನೂರು.
ತಗಡಿನ ಅಂಚಿನಿಂದ ಕರಗಿದ ಹಿಮ ತೊಟ್ಟಿಕ್ಕುವುದು
ಆಗಷ್ಟೇ ಕೇಳಿಸಿತು.
ಅವನ ಬೆರಳ ಸಂದಿಯಲ್ಲಿ
ಸಿಗರೇಟು ಇನ್ನೂ ಅರ್ಧ ಉಳಿದಿತ್ತು.