ಮಿಟುಕು

ಅಪ್ಪ ಇಟ್ಟ ಹೆಸರು ಲೋಲಾಕ್ಷ.
ಕಂಕನಾಡಿಯ ಡಾಕ್ಟರಮ್ಮ ಚೀಟಿ ಬರೆಯುತ್ತ
ಫಕ್ಕನೆ ನಕ್ಕು, ಸಾರಿ ಅಂದರು.
ರೆಪ್ಪೆಯಂಚಿಗೆ ಸಿಕ್ಕಿಸಿದ ಕಾಗದದ ಪಟ್ಟಿ
ಐದು ನಿಮಿಷಕ್ಕೆ ನೆನೆದದ್ದು
ಒಂದು ಅಕ್ಕಿಕಾಳಿನಷ್ಟು.

ಇಪ್ಪತ್ತೆರಡು ವರ್ಷ ಎಕ್ಸ್‌ಪ್ರೆಸ್ ಬಸ್ಸು,
ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ, ಮತ್ತೆ ವಾಪಸು.
ಕಿಟಕಿಯ ಗಾಳಿ, ಲಾರಿಯ ಹೊಗೆ,
ಎರಡು ನಿಮಿಷ ತಡವಾದರೆ
ಹಿಂದಿನ ಬಸ್ಸಿನವನ ಬೈಗಳು.
"ನೀವು ಕಣ್ಣು ಮಿಟುಕಿಸುವುದನ್ನೇ ಮರೆತಿದ್ದೀರಿ" ಅಂದರು,
ಕೊಡೆ ಮರೆತಿದ್ದೀರಿ ಅನ್ನುವ ಹಾಗೆ.

ಮೊದಲು ಮರಳು ಅಂದುಕೊಂಡಿದ್ದೆ.
ತೊಳೆದೆ, ಉಜ್ಜಿದೆ.
ಉರಿದುರಿದು ನೀರು ಸುರಿದರೆ ಕಂಡಕ್ಟರ್ ಸುಕೇಶ
"ದಾನೆ ಲೋಲಣ್ಣ, ಮನೆಯಲ್ಲಿ ಜಗಳವಾ?"
ಒಣಗಿದ ಕಣ್ಣೇ ಹೆಚ್ಚು ಸೋರುವುದು ಎಂದು
ಅವನಿಗೆ ಏನು ಹೇಳಲಿ, ನನಗೇ ನಂಬಿಕೆಯಿಲ್ಲ.

ಈಗ ಬೀಡಿಕಟ್ಟು ಇರುತ್ತಿದ್ದ ಜೇಬಿನಲ್ಲಿ
ಬೆರಳುದ್ದದ ಬಾಟಲಿ.
ರಾತ್ರಿ ಪ್ರೇಮಲತಾ ಕುಚ್ಚಲಕ್ಕಿ ಬಿಸಿಮಾಡಿ
ನನ್ನದೇ ಹಳೆಯ ಖಾಕಿ ತೋಳಿನಲ್ಲಿ ಕಟ್ಟಿ
ಕಣ್ಣ ಮೇಲೆ ಇಡುತ್ತಾಳೆ.
ಹತ್ತು ನಿಮಿಷ. ಮಾತಿಲ್ಲ.
ಕತ್ತಲೆಗೆ ಗಂಜಿಯ ವಾಸನೆ.

ಹಗಲು ಸುಕೇಶ ಕೂಗುತ್ತಾನೆ:
ಮುಲ್ಕಿ. ಮಿಟುಕಿಸುತ್ತೇನೆ.
ಪಡುಬಿದ್ರಿ. ಮಿಟುಕಿಸುತ್ತೇನೆ.
ಉಚ್ಚಿಲ, ಕಾಪು.
ಕಟಪಾಡಿಯಲ್ಲಿ ಇಳಿಯುವ ಟೀಚರೊಬ್ಬರು
ಕನ್ನಡಿಯಲ್ಲಿ ನನ್ನನ್ನು ಕಂಡು
ಸೆರಗು ಸರಿಮಾಡಿಕೊಂಡು ಮುಖ ತಿರುಗಿಸಿದರು.
ವಿವರಿಸಬೇಕಿತ್ತು. ಟೈಮಿರಲಿಲ್ಲ.

ಗುಣವಾಗುವ ಕಾಯಿಲೆಯಲ್ಲವಂತೆ.
ಆದರೂ ನಿನ್ನೆ ಉದ್ಯಾವರದ ಸೇತುವೆ ಮೇಲೆ
ಕೆಳಗೆ ಮರುವಾಯಿ ಹೆಕ್ಕುವವನ ಟೋಪಿ
ಹಳದಿ ಎಂದು ಕಂಡಿತು.
ಸುಕೇಶನಿಗೆ ಹೇಳಿದೆ.
"ಅದು ಯಾವಾಗಲೂ ಹಳದಿಯೇ" ಅಂದ.