ಗ್ರಾಮಿನ ಲೆಕ್ಕ

ಹಗಲೆಲ್ಲ ಎಪಿಎಂಸಿಯ ವೇಬ್ರಿಡ್ಜಿನಲ್ಲಿ ಕೂತು
ಲಾರಿ ತುಂಬಿದ ಮೆಕ್ಕೆಜೋಳಕ್ಕೆ ಚೀಟಿ ಹರಿಯುವವನು ನಾನು.
ಹತ್ತು ಕೆಜಿ ಆಚೆ ಈಚೆ ಆದರೆ
ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.
ಸಂಜೆ ಸಂತೆಪೇಟೆಯ ಬುಡೇನ್ ಸಾಬರ ಅಂಗಡಿಯಲ್ಲಿ
ಒಂದು ನಟ್ಟು ಎಷ್ಟು ಗ್ರಾಮೆಂದು ಕೇಳುತ್ತೇನೆ.

ಸೈಕಲ್ಲು ಹಳೆಯದು, ಗೇರಿನದು, ದಪ್ಪ ಟೈರಿನದು.
ಪೊಲೀಸ್ ಕ್ವಾರ್ಟರ್ಸಿನ ಹುಡುಗನೊಬ್ಬ ಬೈಕು ಕೊಂಡಾಗ
ನಾಲ್ಕೂವರೆ ಸಾವಿರಕ್ಕೆ ನನ್ನ ಪಾಲಾಯಿತು.
ಹದಿನಾರು ಕೆಜಿ ಎಂಟುನೂರು ಗ್ರಾಮು.
ಜೋಗಿಮಟ್ಟಿಯ ಏರಿನಲ್ಲಿ, ಮೂರನೇ ತಿರುವಿನ ಹತ್ತಿರ
ದಿನಾ ಅದು ನನ್ನನ್ನು ಇಳಿಸಿ
ಕೈಹಿಡಿದು ನಡೆಸಿಕೊಂಡು ಹೋಗುತ್ತಿತ್ತು.

"ತೂಕ ಇಳಿಸೋಣ ಸಾಬ್ರೆ. ದುಡ್ಡು ಮಾತ್ರ ಮೂರೇ ಸಾವಿರ."
ಸಾಬರು ಸೈಕಲ್ಲು ಬಿಟ್ಟು ನನ್ನ ಹೊಟ್ಟೆ ನೋಡಿದರು.
ಇಲ್ಲಿ ಐದು ಕೆಜಿ ಪುಕ್ಕಟೆ ಇಳೀತದಲ್ಲ ಎಂದು
ಹೇಳಲಿಲ್ಲ; ಹೇಳಿದಷ್ಟೇ ಆಯಿತು.

ಪಕ್ಕದ ಅಂಗಡಿಯಿಂದ ಬೆಲ್ಲದ ತಕ್ಕಡಿ ಎರವಲು ತಂದು
ಅಂಟು ಒರೆಸಿ, ಮೊದಲು ಸೀಟು ಇಟ್ಟೆವು.
ಸ್ಪ್ರಿಂಗು, ಸ್ಪಂಜು ಎಲ್ಲ ಸೇರಿ ಆರುನೂರ ಎಂಬತ್ತು.
ಬದಲಿಗೆ ಬಂದದ್ದು ಮುನ್ನೂರರದು, ಕರೀದು, ತೆಳ್ಳನೆಯದು,
ಕೂತವರಿಗೆ ಕೂತಲ್ಲೇ ಬುದ್ಧಿ ಕಲಿಸುವಂಥದು.
ಅದರ ಕೆಳಗಿನ ಕಬ್ಬಿಣದ ಕೊಳವೆ ಹೋಗಿ
ಗುಜರಿಯ ಅಲ್ಯೂಮಿನಿಯಂ ಬಂತು, ನೂರೈವತ್ತು ರೂಪಾಯಿ.
ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ಎರಡಕ್ಕೆ ರಜೆ,
ಅವುಗಳ ಕೇಬಲ್ಲಿಗೂ, ಎಡಗೈಯ ಗೇರಿಗೂ.
ಟೈರಿಗೆ ಮಾತ್ರ ಕೈ ಬಿಚ್ಚಿದೆ:
ಸೀರೆಯ ಹಾಗೆ ಮಡಚಿ ಇಡಬಹುದಾದ ಜೋಡಿ,
ಸಾವಿರದ ಒಂಬೈನೂರು.
"ತಿರುಗೋದರ ತೂಕ, ಕೂತಿರೋದರ ತೂಕಕ್ಕಿಂತ ದುಬಾರಿ,"
ಅಂದರು ಸಾಬರು, ನಲವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು
ಊರಿನ ಚಕ್ರಗಳನ್ನೆಲ್ಲ ತಿರುಗಿಸಿ ನೋಡಿದವರು.
ಹ್ಯಾಂಡಲಿನ ಎರಡೂ ತುದಿ ಗರಗಸಕ್ಕೆ ಕೊಟ್ಟದ್ದಕ್ಕೆ
ನಲವತ್ತೆರಡು ಗ್ರಾಮು. ಖರ್ಚು, ಎರಡು ಟೀ.

ರಾತ್ರಿ ಕ್ಯಾಲೆಂಡರಿನ ಬೆನ್ನಲ್ಲಿ ಕೂಡುತ್ತ ಕಳೆಯುತ್ತ ಕೂತರೆ
ಬೆಳ್ಳುಳ್ಳಿ ಬಿಡಿಸುತ್ತಿದ್ದ ನಾಗವೇಣಿ ಇಣುಕಿ,
"ಗ್ರಾಮು ಗ್ರಾಮು ಅಂತಿದ್ರಿ,
ಬಂಗಾರ ಏನೋ ಅಂದ್ಕೊಂಡೆ," ಎಂದಳು.

ಕೊನೆಗೆ ಉಳಿದದ್ದು ಸ್ಟ್ಯಾಂಡು.
ಐನೂರ ಹತ್ತು ಗ್ರಾಮು, ಗಟ್ಟಿ ಕಬ್ಬಿಣ, ಬಿಚ್ಚಲು ಕಾಸಿಲ್ಲ.
ಆವತ್ತಿನಿಂದ ಸೈಕಲ್ಲಿಗೆ ಸ್ವಂತ ಕಾಲಿಲ್ಲ.
ಕಾಂಪೌಂಡು, ಬೇವಿನ ಮರ, ಅರಣ್ಯದವರ ಗೇಟಿನ ಕಂಬ,
ಹೋದಲ್ಲೆಲ್ಲ ಏನಾದರೊಂದಕ್ಕೆ ಒರಗಬೇಕು.

ಎರಡು ಕೆಜಿ ನಾನೂರ ಚಿಲ್ಲರೆ ಇಳಿದಿತ್ತು.
ಭಾನುವಾರ ಮೂರನೇ ತಿರುವು ದಾಟಿತು.
ನಾಲ್ಕನೆಯದೂ.
ಐದನೆಯದರಲ್ಲಿ ಇಳಿದೆ.
ದೂರದ ಗುಡ್ಡದ ಸಾಲಲ್ಲಿ ಗಾಳಿಯಂತ್ರಗಳು ಅವಸರವಿಲ್ಲದೆ ತಿರುಗುತ್ತಿದ್ದವು;
ಆ ರೆಕ್ಕೆ ಎಷ್ಟು ಟನ್ನೋ, ಯಾವ ತಕ್ಕಡಿಯಲ್ಲಿ ತೂಗಿದರೋ.

ಊರಿಗೆ ಬಂದರೆ ಚಳ್ಳಕೆರೆ ಗೇಟಿನ ಹತ್ತಿರ
ಮಂಡಕ್ಕಿ ಮಾರುವ ಓಬಳೇಶ ನಿಂತಿದ್ದ.
ಸೈಕಲ್ಲಿನ ಎರಡರಷ್ಟು ದೊಡ್ಡ ಮೂಟೆ,
ಕಿರುಬೆರಳಲ್ಲಿ ಎತ್ತಬಹುದು ಅನ್ನುವಂಥದು,
ಗಾಳಿಗೆ ಉಬ್ಬುತ್ತಿತ್ತು, ಹಗ್ಗ ಎಳೆಯುತ್ತಿತ್ತು.
ಕೆಳಗೆ ನೋಡಿದೆ.
ವೆಲ್ಡಿಂಗಿನ ಹಳೆ ಗಾಯದ ಸಮೇತ, ನನ್ನ ಸ್ಟ್ಯಾಂಡು.

"ಸಾಬ್ರು ಮೂವತ್ತು ರೂಪಾಯಿಗೆ ಹಾಕ್ಕೊಟ್ರು.
ಮೊದಲಿಂದು ತೆಳ್ಳಗಿತ್ತು ಸಾರ್,
ಈ ಗಾಳಿಗೆ ಮಂಡಕ್ಕಿ ಸಮೇತ ಮಕಾಡೆ ಬೀಳ್ತಿತ್ತು.
ಇದು ಭಾರ ಐತೆ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

ಒಂದು ಸೇರು ಕೊಡು ಅಂದೆ.
ಅವನು ತೂಗುವುದಿಲ್ಲ, ಅಳೆಯುತ್ತಾನೆ,
ಸೇರಿನ ಬಾಯಿ ಮೀರಿ ಗೋಪುರ ಎಬ್ಬಿಸಿ, ಮೇಲೊಂದು ಹಿಡಿ.
ದುಡ್ಡು ತೆಗೆಯಲು ಕೈ ಬಿಡಬೇಕು,
ಸುತ್ತ ಗೋಡೆಯಿಲ್ಲ, ಕಂಬವಿಲ್ಲ.
ಒಂಟಿ ಕೈಯಲ್ಲಿ ಜೇಬು ತಡಕಾಡುವುದನ್ನು ಕಂಡು ಅವನೇ ಅಂದ:
"ಇದಕ್ಕೇ ಒರಗಿಸ್ರಿ ಸಾರ್, ಏನಾಗಲ್ಲ."