ಇಪ್ಪತ್ತು ಡಿಗ್ರಿ

ಡಿಸೆಂಬರಿನ ಬೆಳಿಗ್ಗೆ ಏಳಕ್ಕೆ
ಯಶವಂತಪುರದ ಈ ಲ್ಯಾಬಿನೊಳಗೆ ಹದಿನಾರು ಡಿಗ್ರಿ.
ಹುಣಸೆಬೀಜದಷ್ಟು ಗ್ಯಾಡೊಲಿನಿಯಮ್
ಅಯಸ್ಕಾಂತಕ್ಕೆ ಕಚ್ಚಿಕೊಂಡಿದೆ, ಜಿಗಣೆಯ ಹಾಗೆ.

ಕಾಯಬೇಕು, ಅಷ್ಟೆ. ಹೀಟರು ಬೇಡ.
ಹನ್ನೊಂದರ ಹೊತ್ತಿಗೆ ಬಿಸಿಲು
ಹಿಂದಿನ ಕಾಂಪೌಂಡಿನ ಹೊಂಗೆಮರ ದಾಟಿ
ಕಿಟಕಿಯ ಜಾಲರಿಗೆ ಬರುತ್ತದೆ.
ಹತ್ತೊಂಬತ್ತು. ಹತ್ತೊಂಬತ್ತೂವರೆ.
ಈ ಊರಿನ ಹವೆಯೇ ಈ ಲೋಹದ ಹಣೆಬರಹ.
ಇಪ್ಪತ್ತು ದಾಟಿ ಸ್ವಲ್ಪದಲ್ಲೇ
ಟಣ್ —
ತಟ್ಟೆಗೆ ಬಿತ್ತು.

ತೂಕ ಅದೇ, ಬಣ್ಣ ಅದೇ.
ಒಳಗಿನ ಒಮ್ಮತವೊಂದು ಮುರಿದದ್ದು
ಹೊರಗೆ ಎಲ್ಲೂ ಬರೆದಿಲ್ಲ.

"ಇನ್ನೂ ಚಿಕ್ಕದು ಬೇಕು" ಅಂದೆ ಆರೋಗ್ಯಸ್ವಾಮಿಯವರಿಗೆ.
ಎಣ್ಣೆಯಲ್ಲಿ ಅದ್ದಿ ಅದ್ದಿ ಸೀಳಿದರು, ಸಾಸಿವೆಯಷ್ಟು,
ಆಮೇಲೆ ಗರಗಸಕ್ಕೂ ಸಿಗದಷ್ಟು;
ಅದಕ್ಕೆ ನಿರ್ವಾತದ ಡಬ್ಬಿಯೇ ಬೇಕಾಯಿತು.
ಆವಿಯಾಗಿ ಎದ್ದು ಗಾಜಿನ ಮೇಲೆ ಕೂತ
ಕೆಲವೇ ಪದರದ ಪೊರೆ.

ಅದು ಬೀಳುವುದೇ ಇಲ್ಲ.
ಬೀಜದ ಗ್ರಾಫು ಬಾವಿಯ ಅಂಚಿನಷ್ಟು ಕಡಿದು;
ಇದು ಮಲ್ಲೇಶ್ವರದ ಇಳಿಜಾರಿನಲ್ಲಿ
ಪೆಡಲು ತುಳಿಯದೆ ಜಾರುವ ಸೈಕಲ್ಲು.
ಊರಿನ ಚಳಿ ಸಾಲದೆ ಐಸು ತರಿಸಿದೆ.
ಎಂಟಕ್ಕೇ ಸಡಿಲ. ಹದಿನೈದಕ್ಕೂ ಚೂರು ನೆನಪು.
ಯಾವಾಗ ಕೈ ಬಿಟ್ಟೆ ಅಂತ ಕೇಳಿದರೆ
ಯಾವ ಡಿಗ್ರಿಯೂ ಒಪ್ಪಿಕೊಳ್ಳುವುದಿಲ್ಲ.

ಅಂಚಿನ ಪರಮಾಣುಗಳದ್ದೇ ತಕರಾರು:
ಒಂದು ಕಡೆ ಪಕ್ಕದವರೇ ಇಲ್ಲ,
ಯಾರನ್ನು ನೋಡಿ ಮುಖ ತಿರುಗಿಸಬೇಕು?
ದೊಡ್ಡ ತುಂಡಿನಲ್ಲಿ ಅಂಚು ಲೆಕ್ಕಕ್ಕಿಲ್ಲ.
ಇಲ್ಲಿ ಅಂಚೇ ಊರು.

ಆರೋಗ್ಯಸ್ವಾಮಿ ಕನ್ನಡಕ ಹಣೆಗೇರಿಸಿ
ಗ್ರಾಫನ್ನು ಬೆಳಕಿಗೆ ಹಿಡಿದರು.
"ಜಾಲಹಳ್ಳಿ ಫ್ಯಾಕ್ಟ್ರೀಲಿ ಮೂರು ಸಾವಿರ ಜನ ಇದ್ವಿ ಮೇಡಂ.
ಎರಡನೇ ಶಿಫ್ಟಿನ ಸೈರನ್ ಕೂಗ್ತು ನೋಡಿ,
ಮೊದಲು ಕೈ ಬಿಟ್ಟಿದ್ದು ಯಾರು, ಇವತ್ತಿಗೂ ಗೊತ್ತಿಲ್ಲ,
ಅಷ್ಟೂ ಲೇತು ಒಟ್ಟಿಗೆ ನಿಂತೋದ್ವು.
ಈ ವರ್ಕ್‌ಶಾಪಲ್ಲಿ ನಾವು ನಾಲ್ಕೇ ಜನ.
ಸಿಟ್ಟು ಎಲ್ರಿಗೂ ಇದೆ.
ಒಬ್ಬ ಟೀಗೆ ಹೋಗ್ತಾನೆ, ಬರ್ತಾನೆ.
ಇನ್ನೊಬ್ಬ ಅರ್ಧ ದಿನ ರಜೆ.
ಇದನ್ನ ಸ್ಟ್ರೈಕು ಅಂತ ಹೆಂಗನ್ನೋದು?"

ವರದಿಯಲ್ಲಿ ಬರೆದೆ: ಸಂಕ್ರಮಣ ಮಸುಕಾಗಿದೆ.
ಮಸುಕು ಅಂದರೆ ಇಲ್ಲ ಅಂತಲ್ಲ —
ಇದನ್ನೂ ಬರೆದು, ಆಮೇಲೆ ಹೊಡೆದುಹಾಕಿದೆ.

ಮಧ್ಯಾಹ್ನ ಇಪ್ಪತ್ತಾರು.
ಬೀಜ ತಟ್ಟೆಯಲ್ಲಿದೆ, ರಾತ್ರಿಯ ಚಳಿಗೆ
ಮತ್ತೆ ಒಂದಾಗುತ್ತದೆ, ಅನುಮಾನವಿಲ್ಲ.
ಗರಗಸದ ಎಣ್ಣೆ ಒರೆಸಿಟ್ಟು
ಟೀಗೆ ಹೋದವರು
ಇನ್ನೂ ಬಂದಿಲ್ಲ.